ಕೇಳದೆ ಹೇಳದವರ ಪಕ್ಷ

ನಾನು ರಾಜಕೀಯಕ್ಕೆ ಇಳಿದದ್ದು ಸೀಮೆಯನ್ನು ಉದ್ಧಾರ ಮಾಡುವುದಕ್ಕಲ್ಲ, ನನ್ನ ಹೆಂಡತಿ ನಗಲಿ ಎಂದು. ಚುನಾವಣೆಯ ಭಾಷಣದಲ್ಲಿ ಇದನ್ನು ಹೇಳಿಕೊಳ್ಳುವುದಕ್ಕಾಗುತ್ತದೆಯೇ? ಅಲ್ಲಿ ಸ್ವಾತಂತ್ರ್ಯ, ಹಕ್ಕು, ಮನುಷ್ಯನ ಘನತೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವೂ ಸುಳ್ಳೇನಲ್ಲ. ಆದರೆ ಅಸಲು ಸಂಗತಿ ಇಷ್ಟೇ: ವನಜಾಕ್ಷಿ ನಗುವುದನ್ನು ನಿಲ್ಲಿಸಿ ಒಂದು ವರ್ಷ ಆಗುತ್ತ ಬಂದಿತ್ತು, ಅದಕ್ಕೆ ಕಾರಣ ಒಂದು ಬೋರ್ಡು.

ಕಚೇರಿ ಬೀದಿಯಲ್ಲಿ ನನ್ನದೊಂದು ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ. ಬೀದಿಯ ತಲೆಯಲ್ಲಿ ‘ಈ ಬೀದಿಯಲ್ಲಿ ನಗಬಾರದು’ ಎಂಬ ಬೋರ್ಡಿದೆ. ಯಾವುದೋ ಕಾಲದಲ್ಲಿ ಇಲ್ಲಿ ನ್ಯಾಯದ ಕಚೇರಿ ಇತ್ತಂತೆ. ನ್ಯಾಯಾಧೀಶರು ಮೆಟ್ಟಿಲಲ್ಲಿ ಜಾರಿ ಬಿದ್ದರಂತೆ, ಇಡೀ ಬೀದಿ ನಕ್ಕಿತಂತೆ, ಮರುದಿನ ಬೋರ್ಡು ಬಂತಂತೆ. ಕಚೇರಿ ಊರಾಚೆಗೆ ಹೋಗಿ ಎಷ್ಟೋ ಕಾಲವಾಯಿತು, ಬೋರ್ಡು ಇಲ್ಲೇ ಉಳಿಯಿತು. ನಮ್ಮ ಸೀಮೆಯಲ್ಲಿ ಬೋರ್ಡು ಹಾಕಿದರೆ ಆಯಿತು, ಅದು ನಡೆಯುತ್ತದೆ. ದಂಡವಿಲ್ಲ, ಪೊಲೀಸರಿಲ್ಲ, ಬೇಕಾಗಿಯೂ ಇಲ್ಲ. ಕೆರೆಯ ದಂಡೆಯ ಮೇಲೆ ‘ಓಡಬಾರದು’ ಎಂದಿದೆ. ನಾಯಿ ಅಟ್ಟಿಸಿಕೊಂಡು ಬಂದರೂ ಅಲ್ಲಿ ನಮ್ಮ ಕಾಲು ನಡೆಯುತ್ತದೆಯೇ ಹೊರತು ಓಡುವುದಿಲ್ಲ. ನಾಯಿ ಮಾತ್ರ ಧಾರಾಳವಾಗಿ ಓಡುತ್ತದೆ. ಅಂಚೆ ಕಚೇರಿಯಲ್ಲಿ ‘ಸಾಲಾಗಿ ನಿಲ್ಲಿ’ ಎಂದಿದೆ. ಒಬ್ಬನೇ ಹೋದವನೂ ಯಾರದೋ ಬೆನ್ನ ಹಿಂದೆ ನಿಂತವನ ಹಾಗೆ ಸ್ವಲ್ಪ ಹೊತ್ತು ನಿಂತೇ ಮುಂದೆ ಹೋಗಬೇಕು. ಹಳೆಯ ಸೇತುವೆಯ ಹತ್ತಿರದ ಬೋರ್ಡಿನ ಬಣ್ಣ ಪೂರ್ತಿ ಅಳಿಸಿಹೋಗಿದೆ. ಅಲ್ಲಿ ಏನು ಮಾಡಬಾರದೋ ಈಗ ಯಾರಿಗೂ ಗೊತ್ತಿಲ್ಲ, ಆದರೂ ಅದನ್ನು ದಾಟುವಾಗ ಏನನ್ನೋ ಮಾಡಲಾಗಲಿಲ್ಲವಲ್ಲ ಎಂದು ಎಲ್ಲರಿಗೂ ಒಂದು ಗಳಿಗೆ ಬೇಸರವಾಗುತ್ತದೆ. ಕಿತ್ತು ಬಿಸಾಡಬಾರದೇ ಎಂದು ಹೊಸಬರು ಕೇಳುತ್ತಾರೆ. ‘ಬೋರ್ಡುಗಳನ್ನು ಮುಟ್ಟಬಾರದು’ ಎಂದು ಸೀಮೆ ಸಭೆಯ ಬಾಗಿಲಲ್ಲೇ ಒಂದು ಬೋರ್ಡಿದೆ. ಸಭೆ ಕೈ ಎತ್ತಿ ಒಪ್ಪಿದರೆ ಮಾತ್ರ ಸಭೆಯ ಜವಾನನ ಕೈಗೆ ಅವು ಸಿಗುತ್ತವೆ.

ಹುಟ್ಟಿದಾಗಿನಿಂದ ಇದರಲ್ಲೇ ಇರುವವರಿಗೆ ಇದೇನು ದೊಡ್ಡ ಕಷ್ಟವಲ್ಲ. ನಮ್ಮ ಬೀದಿ ಮುಗಿದು ಬಳೆಗಾರರ ಬೀದಿ ಶುರುವಾಗುವಲ್ಲಿ ಒಂದು ತಿರುವಿದೆ. ಬೋರ್ಡಿನ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಬೀದಿಯೊಳಗೆ ತುಟಿಯಂಚಿನ ಮುಗುಳ್ನಗೆ ನಡೆಯುತ್ತದೆ, ಅದಕ್ಕಿಂತ ದೊಡ್ಡದು ಬಂದವರು ತಿರುವಿಗೆ ಹೋಗಿ ನಕ್ಕು ಬರಬೇಕು. ನನ್ನ ಹೋಟೆಲಿನಲ್ಲಿ ಯಾರಾದರೂ ತಮಾಷೆ ಹೇಳಿದರೆ ಕೇಳಿದವರು ಲೋಟ ಕೆಳಗಿಟ್ಟು, ಕಾಫಿಯ ಮೇಲೆ ತಟ್ಟೆ ಮುಚ್ಚಿ, ಸಾವಿನ ಮನೆಗೆ ಹೊರಟವರ ಮುಖ ಮಾಡಿಕೊಂಡು ತಿರುವಿನ ಕಡೆ ನಡೆಯುತ್ತಾರೆ. ಅಲ್ಲಿಂದ ನಗುವಿನ ಸದ್ದು ಕೇಳಿಸುತ್ತದೆ. ಆಮೇಲೆ ಕಣ್ಣೊರೆಸಿಕೊಂಡು ವಾಪಸು ಬಂದು, ಕಾಫಿ ತಣ್ಣಗಾಯಿತೆಂದು ನನ್ನನ್ನು ಬೈಯುತ್ತಾರೆ. ಜಾಣರು ಸಣ್ಣಪುಟ್ಟ ತಮಾಷೆಗೆಲ್ಲ ಏಳುವುದಿಲ್ಲ, ಒಂದೆರಡನ್ನು ಕೂಡಿಸಿಟ್ಟುಕೊಂಡು ಒಟ್ಟಿಗೆ ಹೋಗುತ್ತಾರೆ. ಸಂಜೆ ಹೊತ್ತು ಕೂಸುಗಳನ್ನು ತಿರುವಿಗೆ ಎತ್ತಿಕೊಂಡು ಹೋಗಿ ಕಚಗುಳಿ ಇಡುವುದು ನಮ್ಮ ಬೀದಿಯ ಅಜ್ಜಿಯರ ಕೆಲಸ. ಹೆಣ್ಣು ನೋಡಲು ಬಂದ ಹೊರಗಿನವರು ಕಚೇರಿ ಬೀದಿಯ ಜನ ಬಹಳ ಗಂಭೀರ ಎಂದು ಮೆಚ್ಚಿಕೊಂಡು ಹೋಗುತ್ತಾರೆ. ನಿಜ ಏನೆಂಬುದು ಅವರಿಗೆ ಮದುವೆಯಾದ ಮೇಲೆ ಗೊತ್ತಾಗುತ್ತದೆ.

ತಿರುವಿಗೆ ಅತಿ ಹೆಚ್ಚು ಓಡಾಡುತ್ತಿದ್ದವಳು ನನ್ನ ವನಜಾಕ್ಷಿ. ಗಿರಾಕಿಗಳು ಹೇಳುವ ತಮಾಷೆ ಸಾಲದೆಂದು ಸಾಂಬಾರಿನ ಸೌಟು, ಸೊಟ್ಟಗೆ ಹುಯ್ದ ದೋಸೆ, ನನ್ನ ಮೂಗು, ಎಲ್ಲದರಲ್ಲೂ ಅವಳಿಗೆ ನಗುವಂಥದ್ದು ಏನೋ ಕಾಣುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಿದ್ದಳು. ಒಂದು ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾದಳು, ಆದರೆ ತಿರುವಿನ ತನಕ ನಡೆಯುವುದು ಇನ್ನು ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ನಗು ಬಂದಾಗ ಅವಳನ್ನು ದಿನಸಿ ತರುವ ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗಿ ನೋಡಿದೆ. ಅವಳನ್ನು ಎತ್ತಿ ಕೂರಿಸಿ, ದಿಂಬು ಕೊಟ್ಟು, ಗುಂಡಿ ತಪ್ಪಿಸಿ, ಅಲ್ಲಿ ಮುಟ್ಟುವಷ್ಟರಲ್ಲಿ ನಗು ಆರಿಹೋಗಿರುತ್ತಿತ್ತು. ಯಾವುದಕ್ಕೆ ನಗಬೇಕಾಗಿತ್ತೋ ಅದೇ ಮರೆತುಹೋಯಿತು ಎನ್ನುತ್ತಿದ್ದಳು. ತಿರುವಿನಲ್ಲಿ ಬೇರೆಯವರು ಬಿದ್ದು ಬಿದ್ದು ನಗುತ್ತಿದ್ದರೆ ಇವಳು ಗಾಡಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಆಮೇಲೆ ಗಾಡಿ ಹತ್ತುವುದನ್ನೇ ಬಿಟ್ಟಳು. ನಗು ಗಂಟಲಲ್ಲಿ ಸಿಕ್ಕಿಕೊಂಡು ದಿನವಿಡೀ ಎದೆ ನೋಯುತ್ತದೆಂದು, ಹೋಟೆಲಿನಲ್ಲಿ ಯಾರಾದರೂ ತಮಾಷೆ ಶುರು ಮಾಡಿದರೆ ನಡುಬಾಗಿಲು ಹಾಕಿಕೊಳ್ಳತೊಡಗಿದಳು. ಮನೆ ಬದಲಿಸಿ ಎಂದು ಸಲಹೆ ಕೊಟ್ಟವರಿದ್ದಾರೆ. ನಗಲಾಗದ ಬೀದಿಯಲ್ಲಿ ಮನೆ ಕೊಳ್ಳುವ ಪುಣ್ಯಾತ್ಮರು ಯಾರು? ಹೋಟೆಲು ಬಿಟ್ಟರೆ ನನಗೆ ಬೇರೆ ಕಸುಬೂ ಗೊತ್ತಿಲ್ಲ. ಆ ನಡುಬಾಗಿಲು ಮುಚ್ಚುವ ಸದ್ದು ಕೇಳಿದರೆ ನನಗೆ ಹೆಂಚಿನ ಮೇಲಿನ ದೋಸೆ ತಿರುವಿ ಹಾಕುವುದೂ ಮರೆತುಹೋಗುತ್ತಿತ್ತು.

ನಾನು ಪಕ್ಷ ಸೇರಿದ್ದು ಆಗ. ಪಕ್ಷದ ಹೆಸರು ಮುಕ್ತ ನಾಗರಿಕ ಪಕ್ಷ. ಊರಿನವರ ಬಾಯಲ್ಲಿ ಅದು ಬಿಟ್ಬಿಡಿ ಪಕ್ಷ. ಅದರ ಸಂಸ್ಥಾಪಕರು ಹಿಟ್ಟಿನ ಗಿರಣಿಯ ಪದ್ಮರಾಜಯ್ಯನವರು. ಗಿರಣಿಯ ಬಾಗಿಲಿರುವುದು ಹಿಂದಿನ ಗಾಣಿಗರ ಓಣಿಗೆ, ಆದರೆ ಅದರ ಹಿಂಗೋಡೆಯೇ ನಮ್ಮ ಅಡುಗೆಮನೆಯ ಗೋಡೆ. ಗಿರಣಿಯ ಪಟ್ಟಿ ನಿಂತ ಹೊತ್ತಿನಲ್ಲಿ ಅವರ ಸಭೆ ನಮಗೆ ಚೆನ್ನಾಗಿ ಕೇಳಿಸುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಅಪ್ಪಣೆ ಕೊಡಬಾರದು, ಹೊಸ ಬೋರ್ಡು ಒಂದೂ ಬರಬಾರದು, ಹಳೆಯವು ಒಂದೊಂದಾಗಿ ಇಳಿಯಬೇಕು, ಇಷ್ಟೇ ಅವರ ಸಿದ್ಧಾಂತ. ಸದಸ್ಯರು ಎಷ್ಟೆಂದರೆ, ಗಿರಣಿಯಲ್ಲಿ ಬೀಸಲು ಬಂದ ಚೀಲಗಳ ಮೇಲೆ ಕೂರುವಷ್ಟು. ಚೀಲ ಕಡಿಮೆ ಇದ್ದ ದಿನವೂ ಜಾಗ ಸಾಕಾಗುತ್ತಿತ್ತು. ಹುಬ್ಬಿನ ಮೇಲೆ ಹಿಟ್ಟು ಕೂತಿದ್ದರೆ ಆಸಾಮಿ ಬಿಟ್ಬಿಡಿ ಪಕ್ಷದವನು ಎಂದು ಊರಿನವರು ಗುರುತಿಸುತ್ತಿದ್ದರು. ಪ್ರತಿ ಚುನಾವಣೆಯಲ್ಲೂ ಸದಸ್ಯರಿಗಿಂತ ಕಡಿಮೆ ಮತ ಬೀಳುತ್ತಿದ್ದವು. ನಮಗೇ ಮತ ಹಾಕಿ ಎಂದು ಸದಸ್ಯರಿಗೆ ಹೇಳುವುದು ಸಿದ್ಧಾಂತಕ್ಕೆ ವಿರುದ್ಧವಾಗಿತ್ತು.

ಪಕ್ಷದಲ್ಲಿ ಇನ್ನೊಂದು ಪದ್ಧತಿ ಇತ್ತು, ಯಾರೂ ಯಾರಿಗೂ ಕೇಳದೆ ಸಲಹೆ ಕೊಡಬಾರದು. ಕೇಳದೆ ಸಲಹೆ ಕೊಟ್ಟರೆ ಅರ್ಧ ಬೋರ್ಡು ಹಾಕಿದ ಹಾಗೆಯೇ ಎನ್ನುತ್ತಿದ್ದರು ಪದ್ಮರಾಜಯ್ಯನವರು. ಒಮ್ಮೆ ಅವರು ಅಂಗಿಯನ್ನು ಒಳಹೊರಗು ಮಾಡಿ ಹಾಕಿಕೊಂಡು ಮೆರವಣಿಗೆ ಹೊರಟರು. ನಾವೆಲ್ಲ ನೋಡಿದೆವು, ಒಬ್ಬರೂ ತುಟಿ ಬಿಚ್ಚಲಿಲ್ಲ. ಮನೆಗೆ ಹೋಗಿ ಹೆಂಡತಿಯಿಂದ ವಿಷಯ ತಿಳಿದ ಮೇಲೆ ಅವರು ವಾಪಸು ಬಂದು ನಮ್ಮ ಸಂಯಮಕ್ಕಾಗಿ ಒಬ್ಬೊಬ್ಬರಿಗೂ ಕೈ ಮುಗಿದರು. ಸಂತೆಪೇಟೆಯಲ್ಲಿ ಬೆಳ್ಳುಳ್ಳಿ ಮಾರುವ ಹಲೀಮಾಬಿ ನಮ್ಮ ಪಕ್ಷದ ಹಿರಿಯ ಸದಸ್ಯೆ. ಬೇರೆಲ್ಲ ಕಡೆ ಬಾಯಿಗೆ ಬೀಗವಿಲ್ಲದ ಹೆಂಗಸು, ಗಿರಣಿಯೊಳಗೆ ಕಾಲಿಟ್ಟರೆ ಕೇಳಿದ್ದಕ್ಕೆ ಮಾತ್ರ ಉತ್ತರ. ಇಂಥ ಜನ ನನ್ನ ಹೆಂಡತಿಯ ಬೋರ್ಡು ಇಳಿಸುತ್ತಾರೆಂದು ನಾನು ನಂಬಿದ್ದು ನನಗೇ ಆಶ್ಚರ್ಯ. ಆದರೆ ಇಳಿಸಬೇಕು ಎಂದು ಹೇಳುವವರು ಸೀಮೆಯಲ್ಲೆಲ್ಲ ಇವರೊಬ್ಬರೇ ಇದ್ದರು.

ಚುನಾವಣೆ ಬಂತು. ನಮ್ಮ ಪಕ್ಷದಲ್ಲಿ ಅಭ್ಯರ್ಥಿಯನ್ನು ಆರಿಸುವುದಿಲ್ಲ, ನಿಲ್ಲುತ್ತೇನೆ ಎಂದವರು ನಿಲ್ಲಬಹುದು. ನಾನು ನಿಂತೆ. ನನ್ನೆದುರು ಎರಡು ದೊಡ್ಡ ಪಕ್ಷಗಳು, ಮೇಲ್ಪೇಟೆಯವರದ್ದು ಒಂದು, ಕೆಳಪೇಟೆಯವರದ್ದು ಒಂದು. ಅವರಿಬ್ಬರೂ ಮತದಾರರನ್ನು ಮೆಚ್ಚಿಸಲು ಪೈಪೋಟಿಯ ಮೇಲೆ ಹೊಸ ಬೋರ್ಡುಗಳ ಭರವಸೆ ಕೊಡತೊಡಗಿದರು. ಒಬ್ಬರು ಬೀದಿಯಲ್ಲಿ ಉಗುಳದಂತೆ ಬೋರ್ಡು ಹಾಕಿಸುತ್ತೇವೆ ಎಂದರು. ಇನ್ನೊಬ್ಬರು ಕೆಮ್ಮದಂತೆಯೂ ಹಾಕಿಸುತ್ತೇವೆ ಎಂದರು. ಮೊದಲಿನವರು ಬಿಡಲಿಲ್ಲ, ಸೀನದಂತೆ ಹಾಕಿಸುತ್ತೇವೆ ಎಂದರು. ನಮ್ಮ ವಾರ್ಡಿನಲ್ಲಿ ಅರ್ಧಕ್ಕರ್ಧ ಮೆಣಸಿನಪುಡಿ ಕುಟ್ಟುವವರ ಮನೆಗಳೇ ಇರುವುದೆಂದು ಆ ಮಹಾನುಭಾವರಿಗೆ ಹೊಳೆಯಲಿಲ್ಲ. ಸೀನಿಲ್ಲದೆ ಅವರು ಬದುಕುವುದು ಹೇಗೆ? ಆ ಕೇರಿಯವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದು ನನಗೆ ಮತ ಹಾಕಿ ಹೋದರು. ಪಕ್ಷ ಹುಟ್ಟಿದ ಮೇಲೆ ಗೆದ್ದ ಮೊದಲ ಸ್ಥಾನ ಅದು. ಪದ್ಮರಾಜಯ್ಯನವರು ನನ್ನನ್ನು ತಬ್ಬಿಕೊಂಡು, ನೀವು ಗೆದ್ದದ್ದು ಸಂತೋಷ, ಇನ್ನು ಹೇಗೆ ನಡೆದುಕೊಳ್ಳಬೇಕೆಂದು ನಾನಂತೂ ಹೇಳುವುದಿಲ್ಲ ಎಂದರು.

ಸೀಮೆ ಸಭೆಯಲ್ಲಿ ಮೇಲ್ಪೇಟೆ, ಕೆಳಪೇಟೆ ಎರಡೂ ಸರಿಸಮವಾಗಿ ಬಂದಿದ್ದವು. ನಡುವೆ ಉಳಿದವನು ನಾನೊಬ್ಬ. ಹಿಟ್ಟು ಮೆತ್ತಿದ ಹುಬ್ಬಿನ ಹೋಟೆಲಿನವನಿಗೆ ಇದ್ದಕ್ಕಿದ್ದ ಹಾಗೆ ಎಲ್ಲರೂ ಕುರ್ಚಿ ಎಳೆದುಕೊಡತೊಡಗಿದರು. ಸಭೆಯ ಒಳಗೆ ‘ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಬಾರದು’ ಎಂಬ ಬೋರ್ಡಿದೆ. ಒಳ್ಳೆಯದೇ ಎನ್ನುತ್ತೀರಿ. ಆದರೆ ಮೊದಲು ಬಾಯಿ ತೆಗೆದವನು ಉಸಿರು ಎಳೆದುಕೊಳ್ಳುವ ತನಕ ಮಿಕ್ಕವರ ನಾಲಗೆ ಏಳುವುದಿಲ್ಲ. ಆದ್ದರಿಂದ ನಮ್ಮ ಸೀಮೆಯಲ್ಲಿ ದೊಡ್ಡ ನಾಯಕರಾಗಲು ದೊಡ್ಡ ಎದೆಗೂಡು ಬೇಕು. ಮೇಲ್ಪೇಟೆಯ ನಾಯಕರಾದ ಅಕ್ಕಿಮಂಡಿಯ ಸಿದ್ಧವೀರಪ್ಪನವರು ಎಳೆಯ ವಯಸ್ಸಿನಲ್ಲಿ ಬಾವಿಯಲ್ಲಿ ಮುಳುಗುಹಾಕಿ ಅಭ್ಯಾಸ ಮಾಡಿದವರು. ಅವರು ಎದ್ದು ನಿಂತರೆಂದರೆ ನಾವು ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಅಗಿಯಬಹುದು.

ಒಂದು ದಿನ ಬೆಳಿಗ್ಗೆ ಸಿದ್ಧವೀರಪ್ಪನವರೇ ನನ್ನ ಹೋಟೆಲಿಗೆ ಬಂದು ಕೂತರು. ಕಾಫಿಯನ್ನು ಹೊಗಳಿದರು, ವನಜಾಕ್ಷಿಯ ಸೊಂಟದ ಬಗ್ಗೆ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಸಂತೆಪೇಟೆಯಲ್ಲಿ ‘ಇಲ್ಲಿ ಚೌಕಾಸಿ ಮಾಡಬಾರದು’ ಎಂಬ ಬೋರ್ಡು ಹಾಕಿಸಬೇಕೆಂದು ಅವರಿಗೆ ಬಹಳ ದಿನದ ಆಸೆ. ನಾನು ಅದಕ್ಕೆ ಕೈ ಎತ್ತಿದರೆ ಅದೇ ನಿರ್ಣಯದಲ್ಲಿ ಕಚೇರಿ ಬೀದಿಯ ಬೋರ್ಡು ಇಳಿಸುತ್ತೇವೆ ಎಂದರು. ಒಂದು ಹತ್ತುತ್ತದೆ, ಒಂದು ಇಳಿಯುತ್ತದೆ, ಲೆಕ್ಕ ಸರಿಹೋಗುತ್ತದೆ. ಅವರು ಕೆಟ್ಟ ಮನುಷ್ಯರೇನಲ್ಲ. ಚೌಕಾಸಿಯಲ್ಲಿ ಜನ ಅರ್ಧ ಆಯುಸ್ಸು ಕಳೆಯುತ್ತಾರೆ ಎಂದು ಅವರಿಗೆ ನಿಜವಾಗಿ ಅನ್ನಿಸಿತ್ತು. ಒಂದೇ ದರದ ಅಂಗಡಿಯೊಂದನ್ನು ಅವರ ಮಗ ತೆರೆಯುವವನಿದ್ದ ಎನ್ನುವುದೂ ನಿಜ. ಅವರು ಎದ್ದು ಹೋದ ಮೇಲೆ ಅವರ ಲೋಟ ತೊಳೆಯುತ್ತ ಅದನ್ನೇ ಯೋಚಿಸಿದೆ. ಒಂದು ಸಲ ಕೈ ಎತ್ತಿದರೆ ಸಾಕು, ವನಜಾಕ್ಷಿ ಕೂತಲ್ಲೇ ನಗಬಹುದು.

ಪದ್ಮರಾಜಯ್ಯನವರ ಹತ್ತಿರ ಹೋಗಿ, ಈಗ ನಾನಾಗಿಯೇ ಕೇಳುತ್ತಿದ್ದೇನೆ, ಏನು ಮಾಡಲಿ ಹೇಳಿ ಎಂದೆ. ಅವರು ಜರಡಿ ಹಿಡಿದು ಬಹಳ ಹೊತ್ತು ಯೋಚಿಸಿದರು. ಸಲಹೆ ಕೇಳಿದರೆ ಕೊಡಬಹುದು, ಆದರೆ ಮತ ಹಾಕುವ ವಿಷಯದಲ್ಲಿ ಕೊಟ್ಟರೆ ಅದು ಅಪ್ಪಣೆಯ ಹತ್ತಿರ ಹೋಗುತ್ತದೆ ಎಂದು ಮತ್ತೆ ಜರಡಿ ಹಿಡಿದರು. ನನಗೆ ರೇಗಿಹೋಯಿತು. ಹಲೀಮಾಬಿಯನ್ನು ಕೇಳಿದೆ. ಚೌಕಾಸಿ ನಿಂತರೆ ಅವಳ ಕಸುಬಿನ ಉಪ್ಪುಕಾರ ಹೋದ ಹಾಗೆ, ಅವಳಾದರೂ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬೆಳ್ಳುಳ್ಳಿಯ ಸಿಪ್ಪೆ ಊದುತ್ತ ಅಂದದ್ದು ಇಷ್ಟೇ: “ನಿನ್ನ ಕೈ, ನಿನ್ನ ಹೆಗಲು ಗೋಪಣ್ಣ. ನಾನ್ಯಾಕೆ ನಡುವೆ ಬರ್ಲಿ?”

ಕೊನೆಗೆ ಹೆಂಡತಿಗೆ ಹೇಳಿದೆ. ಯಾರದೋ ಬಾಯಿ ಮುಚ್ಚಿಸಿ ನನಗೆ ನಗು ಬೇಡ ಎಂದು ಅವಳು ದೊಡ್ಡ ಮಾತಾಡುತ್ತಾಳೆ, ನನ್ನ ಭಾರ ಇಳಿಯುತ್ತದೆ ಎಂದು ಒಳಗೊಳಗೇ ಆಸೆ ಇತ್ತು. ಅವಳು ಹಾಗೆ ಅನ್ನಲಿಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಎತ್ತಿಬಿಡ್ರೀ ಕೈನ,” ಎಂದಳು. “ನಂಗೆ ಸಾಕಾಗಿದೆ.”

ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರು ನಿಂತಿತ್ತು. ಎತ್ತುತ್ತೇನೆ ಎಂದು ಮಾತು ಕೊಟ್ಟೆ.

ಸಭೆಯ ದಿನ ಬೆಳಿಗ್ಗೆ ತರಕಾರಿಗೆಂದು ಸಂತೆಪೇಟೆಗೆ ಹೋದೆ. ಹೋಗಬಾರದಿತ್ತು. ಹಲೀಮಾಬಿಯ ಎದುರು ಒಬ್ಬ ಮುದುಕರು ಕುಕ್ಕರಗಾಲಲ್ಲಿ ಕೂತಿದ್ದರು. ಅವರನ್ನು ಊರಲ್ಲಿ ಎಲ್ಲರೂ ನೋಡಿದ್ದಾರೆ, ಮಾತಾಡಿಸಿದವರಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರಾಗಿಯೂ ಯಾರೊಂದಿಗೂ ಮಾತಾಡಿದವರಲ್ಲ. ಹಲೀಮಾಬಿ ಅವರಿಗೆ ಬೇಕೆಂದೇ ಹೆಚ್ಚು ಬೆಲೆ ಹೇಳಿದಳು. ಮುದುಕರು ತಲೆಗೆ ಕೈ ಹೊತ್ತುಕೊಂಡರು, ನೀನು ನನ್ನ ಮನೆ ಹಾಳು ಮಾಡುತ್ತೀಯಾ ಎಂದರು. ಇಷ್ಟು ಒಳ್ಳೆಯ ಬೆಳ್ಳುಳ್ಳಿ ತಿಂದರೆ ನಿಮಗೆ ಇನ್ನೊಂದು ಮದುವೆಯಾಗುತ್ತದೆ ಎಂದಳು ಇವಳು. ಮುದುಕರು ಎದ್ದು ಹೊರಟೇಬಿಟ್ಟರು. ಇವಳು ಕರೆದಳು. ಅವರು ಬಂದು ಕೂತರು. ಬೆಳ್ಳುಳ್ಳಿಯ ಹುಳುಕು, ಈ ಸಲದ ಬಿಸಿಲು, ಅವರ ಮೊಣಕಾಲು, ಇವಳ ಸೊಸೆ, ಎಲ್ಲ ಆ ಚೌಕಾಸಿಯೊಳಗೆ ಬಂದು ಹೋಯಿತು. ಕೊನೆಗೆ ಒಂದು ಹಿಡಿ ಹೆಚ್ಚು ಹಾಕಿಸಿಕೊಂಡು, ಯುದ್ಧ ಗೆದ್ದವರ ಹಾಗೆ ಎದೆ ಸೆಟೆಸಿ ಹೋದರು. ಇಡೀ ದಿನಕ್ಕೆ ಆ ಮನುಷ್ಯ ಆಡುವ ಮಾತು ಅಷ್ಟೇ ಎಂದು ಅವಳು ನನಗೆ ಹೇಳಲಿಲ್ಲ, ನಾನು ಕೇಳಿರಲೂ ಇಲ್ಲ. ಆದರೆ ಅದು ನನಗೆ ಗೊತ್ತಿತ್ತು. ಅಂಚೆ ಕಚೇರಿಯಲ್ಲೂ ನನ್ನ ಹೋಟೆಲಿನಲ್ಲೂ ಅವರು ಬೆರಳು ತೋರಿಸಿ ಕೆಲಸ ಮುಗಿಸುವುದನ್ನು ಎಷ್ಟೋ ಸಲ ನೋಡಿದ್ದೆ.

ಆವತ್ತು ಸಭೆಯಲ್ಲಿ ಸಿದ್ಧವೀರಪ್ಪನವರು ಒಂದೇ ಉಸಿರಿನಲ್ಲಿ ನಿರ್ಣಯ ಓದಿ, ಅದರ ಒಳಿತುಗಳನ್ನೆಲ್ಲ ಹೇಳಿ, ಮುಖ ಕೆಂಪೇರಿಸಿಕೊಂಡು ಕೂತರು. ಮೇಲ್ಪೇಟೆಯವರ ಕೈಗಳೆಲ್ಲ ಎದ್ದವು. ಎಲ್ಲರೂ ನನ್ನ ಕಡೆ ನೋಡಿದರು. ಹೆಂಡತಿಯ ಮುಖ ನೆನೆಸಿಕೊಂಡೆ, ಕೈ ಎತ್ತಬೇಕೆಂದೇ ನೆನೆಸಿಕೊಂಡೆ. ಕೈ ತೊಡೆಯ ಮೇಲಿಂದ ಏಳಲಿಲ್ಲ. ಬೋರ್ಡು ಗೀರ್ಡು ಏನೂ ಅದನ್ನು ಹಿಡಿದಿರಲಿಲ್ಲ, ಹಿಡಿದವನು ನಾನೇ. ನಿರ್ಣಯ ಬಿದ್ದುಹೋಯಿತು. ಆಚೆ ಬಂದಾಗ ಪದ್ಮರಾಜಯ್ಯನವರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು, ಹೊಗಳಿದರೂ ಅದು ಒತ್ತಾಯವಾದೀತೆಂದು ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ನನಗೆ ಅವರ ಮೇಲೂ ಪಕ್ಷದ ಮೇಲೂ ನನ್ನ ಮೇಲೂ ವಿಪರೀತ ಸಿಟ್ಟಿತ್ತು. ಮನೆಗೆ ಹೋಗಿ ಅವಳಿಗೆ ಏನೆಂದು ಹೇಳುವುದು?

ಇದ್ದದ್ದು ಇದ್ದ ಹಾಗೆ ಹೇಳಿದೆ, ಮುದುಕರ ಕಥೆಯನ್ನೂ ಹೇಳಿದೆ. ವನಜಾಕ್ಷಿ ಬೈಯಲಿಲ್ಲ, ಅಳಲಿಲ್ಲ. ಅಡುಗೆಮನೆಯ ಮಣೆಯ ಮೇಲೆ ಕೂತು ಹಿಂಗೋಡೆಯ ಕಡೆ ತಿರುಗಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನಾನು ಬಾಗಿಲಿಗೆ ಆತು ನಿಂತೇ ಇದ್ದೆ. ಗೋಡೆಯಾಚೆ ಗಿರಣಿ ನಿಂತಿತು. ಹಿಟ್ಟು ಒಯ್ಯಲು ಬಂದಿದ್ದ ಹೆಂಗಸರು ಯಾವುದಕ್ಕೋ ಜೋರಾಗಿ ನಕ್ಕರು. ವನಜಾಕ್ಷಿ ಅದಕ್ಕೆ ಕಿವಿಗೊಟ್ಟಳು.

“ರೀ, ಈ ಗೋಡೆ ಆಚೆ ನಗಬಹುದಲ್ವಾ?” ಎಂದಳು.

ನಗಬಹುದು, ಅದು ಗಾಣಿಗರ ಓಣಿಗೆ ಸೇರಿದ್ದಲ್ಲವೇ ಎಂದೆ.

“ಇದಕ್ಕೊಂದು ಬಾಗಿಲು ಇಟ್ರೆ?”

ಒಂದು ವರ್ಷದಿಂದ ನನ್ನ ಕಣ್ಣು ಬೀದಿಯ ತಲೆಯಲ್ಲಿದ್ದ ಬೋರ್ಡಿನ ಮೇಲೇ ಇತ್ತು, ಬೆನ್ನ ಹಿಂದಿನ ಗೋಡೆಯ ಕಡೆ ಒಂದು ಸಲವೂ ತಿರುಗಿರಲಿಲ್ಲ. ಗೋಡೆ ಪದ್ಮರಾಜಯ್ಯನವರದ್ದೂ ಹೌದಲ್ಲ, ಕೇಳಿದರೆ ಅವರು ದಾಕ್ಷಿಣ್ಯಕ್ಕೆ ಒಪ್ಪಿಬಿಡುತ್ತಾರೆ, ಅದೂ ಒಂಥರ ಬಲವಂತವೇ ಎಂದು ಏನೋ ತೊದಲಿದೆ. ಅವಳು ನನ್ನ ಮಾತು ಮುಗಿಯುವ ತನಕ ಕಾಯಲಿಲ್ಲ. ಕೋಲಿನಿಂದ ಗೋಡೆಗೆ ಕುಟ್ಟಿ, ಪದ್ಮರಾಜಯ್ಯನವರೇ, ಇಲ್ಲೊಂದು ಬಾಗಿಲು ಇಟ್ಟುಕೊಳ್ಳಬಹುದೇ ಎಂದು ಗಟ್ಟಿಯಾಗಿ ಕೇಳಿದಳು.

“ಧಾರಾಳವಾಗಿ ಇಟ್ಕೊಳಿ ತಾಯಿ,” ಎಂದು ಆಚೆಯಿಂದ ದನಿ ಬಂತು. “ನೀವು ಬಿದ್ದಾಗಿಂದ್ಲೂ ನಾನು ಅದನ್ನೇ ಯೋಚನೆ ಮಾಡ್ತಿದೀನಿ.”

“ಮತ್ತೆ ಹೇಳಬಾರದಾಗಿತ್ತಾ?”

“ಯಾರೂ ಕೇಳ್ಲಿಲ್ವಲ್ಲ ತಾಯಿ.”

ವನಜಾಕ್ಷಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ನಿಮ್ಮ ಪಕ್ಷಕ್ಕಿಷ್ಟು ಬೆಂಕಿ ಹಾಕ,” ಎಂದಳು.

ಈಗ ಆ ಬಾಗಿಲು ಅರ್ಧ ಬೀದಿಗೆ ದಾರಿಯಾಗಿದೆ. ತಿರುವಿನ ತನಕ ಹೋಗಲು ಸೋಮಾರಿತನ ಪಡುವವರೆಲ್ಲ ನನ್ನ ಅಡುಗೆಮನೆಯೊಳಗೆ ನುಗ್ಗಿ, ಹೊಸ್ತಿಲು ದಾಟಿ, ಹಿಟ್ಟಿನ ಚೀಲಗಳ ನಡುವೆ ನಕ್ಕು ಬರುತ್ತಾರೆ. ಹೋಟೆಲಿನ ಗಿರಾಕಿಗಳ ಕಾಫಿ ಈಗ ತಣ್ಣಗಾಗುವುದಿಲ್ಲ, ಆದರೆ ಹುಬ್ಬಿಗೆಲ್ಲ ಹಿಟ್ಟು ಮೆತ್ತಿರುತ್ತದೆ. ಹಾಗಾಗಿ ಯಾರು ನಮ್ಮ ಪಕ್ಷದವರು, ಯಾರು ಅಲ್ಲ ಎಂದು ಊರಿನಲ್ಲಿ ಗುರುತು ಸಿಗದಂತಾಗಿದೆ. ಸಿದ್ಧವೀರಪ್ಪನವರೂ ಒಮ್ಮೆ ಬಂದು, ಅವರ ಎದೆಗೂಡಿಗೆ ತಕ್ಕ ಹಾಗೆ ನಕ್ಕು ಹೋದರು, ಚೀಲಗಳು ಅಲುಗಾಡಿದವು. ಬೋರ್ಡು ಇನ್ನೂ ಅಲ್ಲೇ ಇದೆ. ನಾನು ಇನ್ನೂ ಸಭೆಯಲ್ಲಿ ಕೂತು ಅದನ್ನು ಇಳಿಸಿ ಎಂದು ಕೇಳುತ್ತಲೇ ಇದ್ದೇನೆ, ಬದಲಿಗೆ ಏನನ್ನೂ ಕೊಡದೆ. ಆದರೆ ನಾನು ಹೇಳಬೇಕಾದದ್ದು ಗೋಡೆ ಒಡೆದ ದಿನದ ವಿಷಯ.

ವನಜಾಕ್ಷಿ ಬಾಗಿಲು ಕೇಳಿದ ಮರುದಿನ ಮಧ್ಯಾಹ್ನ ಕೆಲಸ ಶುರುವಾಯಿತು. ಮೊಳದಷ್ಟು ದಪ್ಪದ ಹಳೆಯ ಮಣ್ಣುಗೋಡೆ. ಎರಡು ಕಡೆಯಿಂದ ಅಗೆದರೆ ಬೇಗ ಮುಗಿಯುತ್ತದೆಂದು ನಾನು ಈ ಕಡೆಯಿಂದ, ಪದ್ಮರಾಜಯ್ಯನವರು ಆ ಕಡೆಯಿಂದ ಹಾರೆ ಹಿಡಿದೆವು. ವನಜಾಕ್ಷಿ ಕೋಲು ಊರಿಕೊಂಡು ಮಣೆಯ ಮೇಲೆ ಕೂತು ನೋಡುತ್ತಿದ್ದಳು. ನಾನು ನೀರಿನ ಹಂಡೆಯ ಪಕ್ಕದಲ್ಲಿ ಅಗೆದೆ. ಸಾಕಷ್ಟು ಹೊತ್ತು ಅಗೆದೆ. ಗೋಡೆಯೊಳಗೆ ಅಂಗೈ ಮುಳುಗುವಷ್ಟು ಗುಂಡಿಯಾಯಿತು, ಆಚೆಯ ಹಾರೆ ಮಾತ್ರ ಎದುರಾಗಲಿಲ್ಲ. ವನಜಾಕ್ಷಿ ಕಿವಿಗೊಟ್ಟು ಕೇಳಿದಳು. ಆ ಕಡೆಯ ಏಟುಗಳು ಕೋಣೆಯ ಇನ್ನೊಂದು ತುದಿಯಲ್ಲಿ, ಒರಳುಕಲ್ಲಿನ ಹಿಂದೆ ಬೀಳುತ್ತಿದ್ದವು. ಅಲ್ಲಿ ಗೋಡೆ ಬಿರುಕು ಬಿಟ್ಟು ಮಣ್ಣು ಉದುರುತ್ತಿತ್ತು.

“ರೀ, ಅವರು ಎಲ್ಲಿ ಅಗೀತಿದಾರೆ?” ಎಂದಳು.

“ಅವರಿಗೆ ಇಷ್ಟ ಬಂದ ಕಡೆ.”

“ನೀವು?”

“ನನಗೆ ಇಷ್ಟ ಬಂದ ಕಡೆ.”

ಎಲ್ಲಿ ಅಗೆಯುವುದೆಂದು ನಾನು ಅವರಿಗೆ ಹೇಳಿರಲಿಲ್ಲ, ಅವರು ನನಗೆ ಹೇಳಿರಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಕೇಳಿಯೂ ಇರಲಿಲ್ಲ. ವನಜಾಕ್ಷಿ ನನ್ನ ಗುಂಡಿ ನೋಡಿದಳು, ಆ ಬಿರುಕು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಅವಳ ಕುತ್ತಿಗೆಯ ನರ ಉಬ್ಬಿತು. ಎದೆಯ ಮೇಲೆ ಕೈ ಇಟ್ಟುಕೊಂಡು, ಮಾತು ಹೊರಡದೆ, ಕೋಲಿನಿಂದ ಒರಳಿನ ಕಡೆ ತೋರಿಸಿದಳು. ನನಗೆ ಅರ್ಥವಾಯಿತು. ನಗು ಬಂದಿತ್ತು. ಒಂದು ವರ್ಷದ್ದೆಲ್ಲ ಒಟ್ಟಿಗೆ ಬಂದಿತ್ತು. ಇದೊಂದು ಆರಿಹೋದರೆ ಇನ್ನು ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ ಎನ್ನಿಸಿತು.

ಒರಳುಕಲ್ಲಿನ ಹಿಂದೆ ಹಾರೆ ಬೀಸುವಷ್ಟು ಜಾಗ ನಮ್ಮ ಕಡೆ ಇರಲಿಲ್ಲ. ಬಿರುಕಿಗೆ ಬಾಯಿಟ್ಟು, ಪದ್ಮರಾಜಯ್ಯನವರೇ, ಬೇಗ ಹೊಡೆಯಿರಿ, ಜೋರಾಗಿ ಹೊಡೆಯಿರಿ ಎಂದು ಕೂಗಿದೆ. ನಮ್ಮ ಪಕ್ಷದ ಇತಿಹಾಸದಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮೊದಲ ಅಪ್ಪಣೆ ಅದು.

“ಕೈ ಸೋತುಹೋಗಿದೆ ಕಣಯ್ಯ,” ಎಂದು ಅವರೂ ಕೂಗಿದರು. “ನೀನೇ ಬಾರೋ ಬೇಗ.”

ಅದು ಎರಡನೆಯದು. ಇಷ್ಟು ವರ್ಷ ಬಹುವಚನ ಬಿಟ್ಟು ಮಾತಾಡದಿದ್ದ ಮನುಷ್ಯ. ನಾನು ಹೋಟೆಲಿನ ಬಾಗಿಲಿಂದ ಹಾರಿ, ಬೀದಿಯುದ್ದಕ್ಕೂ ಓಡಿ, ತಿರುವಿನಲ್ಲಿ ನಗುತ್ತಿದ್ದವರನ್ನು ದಾಟಿ, ಬಳೆಗಾರರ ಬೀದಿ ಸುತ್ತಿ ಗಾಣಿಗರ ಓಣಿಗೆ ನುಗ್ಗಿದೆ. ಗೋಪಣ್ಣನಿಗೆ ಇಷ್ಟೊಂದು ನಗು ಬಂದದ್ದನ್ನು ನೋಡೇ ಇಲ್ಲವಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಗಿರಣಿಯೊಳಗೆ ಪದ್ಮರಾಜಯ್ಯನವರ ಕೈಯಿಂದ ಹಾರೆ ಕಿತ್ತುಕೊಂಡು, ವನಜಾ, ಪಕ್ಕಕ್ಕೆ ಸರಿ ಎಂದು ಕೂಗಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಹೊಡೆಯುವಾಗ ದೇವರನ್ನು ಬೇಡಿಕೊಳ್ಳುತ್ತಿದ್ದೆನೋ ಬೈಯುತ್ತಿದ್ದೆನೋ ನೆನಪಿಲ್ಲ. ದೊಡ್ಡದೊಂದು ಹೆಂಟೆ ಆಚೆಗೆ ಬಿತ್ತು. ತಲೆ ತೂರುವಷ್ಟು ಕಂಡಿಯಾಯಿತು.

ಧೂಳು ಇಳಿಯುವ ಮೊದಲೇ ವನಜಾಕ್ಷಿಯ ಮುಖ ಕಂಡಿಯೊಳಗಿಂದ ಈಚೆಗೆ ಬಂತು. ಕೂದಲಲ್ಲಿ ಮಣ್ಣು, ಹಣೆಯ ಕುಂಕುಮ ಕೆನ್ನೆಗೆ ಇಳಿದಿತ್ತು. ನನ್ನನ್ನು ನೋಡಿದಳು, ನನ್ನ ಪಕ್ಕದಲ್ಲಿ ಹಿಟ್ಟು ಮೆತ್ತಿಕೊಂಡು ಏದುಸಿರು ಬಿಡುತ್ತಿದ್ದ ಪದ್ಮರಾಜಯ್ಯನವರನ್ನು ನೋಡಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವಳು ನಕ್ಕಳು.

ಇಷ್ಟು ವರ್ಷ ಅವಳು ತಿರುವಿಗೆ ಓಡುವಾಗಲೆಲ್ಲ ನಾನು ಒಲೆಯ ಮುಂದೆ ಇರುತ್ತಿದ್ದೆ. ಒಲೆ ಬಿಟ್ಟು ಹೋಗುವ ಹಾಗಿರಲಿಲ್ಲ. ನೆಂಟರಿಷ್ಟರ ಮನೆಗಳಲ್ಲಿ ಹಿರಿಯರ ಮುಂದೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡೇ ನಗುತ್ತಿದ್ದಳು. ಅವಳ ನಗು ಎಂದರೆ ನನಗೆ ಬೀದಿಯ ಕೊನೆಯಿಂದ ಬರುವ ಒಂದು ಸದ್ದು, ಅಷ್ಟೇ. ಅದು ಅವಳ ಮುಖಕ್ಕೆ ಏನು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲು ಸದ್ದೇ ಬರಲಿಲ್ಲ, ಕಣ್ಣು ಪೂರ್ತಿ ಮುಚ್ಚಿಹೋದವು, ಮೂಗು ಸುಕ್ಕಾಯಿತು, ಬಲಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬಿತ್ತು. ಆಮೇಲೆ ಎಲ್ಲೋ ಹೊಟ್ಟೆಯಿಂದ ಸದ್ದು ಎದ್ದು ಗಿರಣಿಯನ್ನೆಲ್ಲ ತುಂಬಿತು. ನಗುತ್ತ ನಗುತ್ತ ಅವಳು ಕಂಡಿಯ ಅಂಚನ್ನು ಅಂಗೈಯಿಂದ ಬಡಿಯುತ್ತಿದ್ದಳು, ಬಡಿದಾಗಲೆಲ್ಲ ಒಂದಿಷ್ಟು ಮಣ್ಣು ಉದುರಿ ಕಂಡಿ ದೊಡ್ಡದಾಗುತ್ತಿತ್ತು. ಪದ್ಮರಾಜಯ್ಯನವರು ಚೀಲದ ಮೇಲೆ ಕುಸಿದು ಕೂತು ನಗತೊಡಗಿದರು. ನಾನು ಹಾರೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

“ಏನ್ರೀ ಹಾಗೆ ನಿಂತಿದೀರ, ನೀವೂ ನಗ್ರೀ,” ಎಂದಳು ವನಜಾಕ್ಷಿ, ನಡುವೆ ಉಸಿರು ಸಿಕ್ಕಾಗ.

“ತಡಿಯೇ,” ಎಂದೆ. “ಇನ್ನೂ ನೋಡ್ತಾ ಇದೀನಿ.”